ಏಳನೇ ಕರಡು

ಪತ್ರಿಕೋದ್ಯಮ ತಗೊಂಡೆ ಅಂದಾಗ
ಅತ್ತೆ ಕೇಳಿದ್ದು ಒಂದೇ: ಟಿವಿಲಿ ಯಾವಾಗ ಬರ್ತೀಯೇ?
ಇವತ್ತಿಗೂ ಅದೇ ಕೇಳುತ್ತಾಳೆ,
ಸೊರಬದ ಬಸ್ಸಿನಲ್ಲಿ ನಾನು
ಐನೂರು ಕರಪತ್ರದ ಕಟ್ಟು ತೊಡೆಯ ಮೇಲಿಟ್ಟು
ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ
ಬರ್ತೀನಿ ಅತ್ತೆ, ಎನ್ನುವಾಗ.

ತರಗತಿಯಲ್ಲಿದ್ದದ್ದು ಒಂಬತ್ತು ಜನ.
ಶಾರದಾಮಣಿ ಮೇಡಂ ಮೊದಲ ದಿನ ಹಲಗೆಯ ಮೇಲೆ
ಎರಡು ಡಬ್ಬಿ ಬರೆದರು, ನಡುವೆ ಒಂದು ಬಾಣ.
ಈ ಕಡೆ ಹೇಳುವವನು, ಆ ಕಡೆ ಕೇಳುವವನು.
ಬಾಣದ ಮೇಲೆ ಹಾವಿನ ಹಾಗೆ ಗೆರೆ ಎಳೆದು
‘ಇದು ಗದ್ದಲ’ ಅಂದರು.
ಆ ಹೊತ್ತಿಗೇ ಬಿ.ಎಚ್. ರಸ್ತೆಯ ಲಾರಿಯೊಂದು ಹಾರನ್ ಬಾರಿಸಿ
ನಾವೆಲ್ಲ ನಕ್ಕೆವು.
ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ವಿಲ್ಮಾ ಭದ್ರಾವತಿಯಲ್ಲಿ ರೇಡಿಯೊದೊಳಗೆ ಕೂತು
ಶುಂಠಿ ಇಷ್ಟು, ಮೆಕ್ಕೆಜೋಳ ಇಷ್ಟು ಎನ್ನುತ್ತಾಳೆ.
ಬೆಲೆ ಬಿದ್ದ ದಿನ ದನಿಯನ್ನೂ ಒಂದು ಮೆಟ್ಟಿಲು ಇಳಿಸುತ್ತಾಳೆ,
ಅದು ಸಿಲೆಬಸ್ಸಿನಲ್ಲಿ ಇರಲಿಲ್ಲ.
ತೇಜಮೂರ್ತಿ ಚುನಾವಣೆ ಬಂದರೆ ಶ್ರೀಮಂತ:
ಬೆಳಿಗ್ಗೆ ಒಂದು ಪಕ್ಷಕ್ಕೆ ಘೋಷಣೆ, ಸಂಜೆ ಇನ್ನೊಂದಕ್ಕೆ,
ಮಧ್ಯಾಹ್ನ ಊಟದ ಹೊತ್ತು ಮಾತ್ರ ಅವನದು.
ನಾಜಿಮಾಳಿಗೆ ಮೆಗ್ಗಾನ್ ಆಸ್ಪತ್ರೆಯ ಕಾರಿಡಾರಿನಲ್ಲಿ
ಡಾಕ್ಟರು ಹೇಳಿ ಹೋದದ್ದನ್ನು ಮತ್ತೆ ಹೇಳುವ ಕೆಲಸ.
‘ಕಷ್ಟ ಇದೆ’ ಎನ್ನುವುದನ್ನು
ಉರ್ದುವಿನಲ್ಲಿ, ಕನ್ನಡದಲ್ಲಿ, ಕಲಿತಷ್ಟು ಲಂಬಾಣಿಯಲ್ಲಿ,
ಒಮ್ಮೊಮ್ಮೆ ಬರೀ ನೀರಿನ ಲೋಟ ಮುಂದೆ ಹಿಡಿದು.
ರ‍್ಯಾಂಕ್ ಬಂದ ಪ್ರಣತಿ ಬ್ಯಾಂಕಿನಲ್ಲಿದ್ದಾಳೆ.
ಉಳಿದ ನಾಲ್ವರು,
ಸುದ್ದಿ ಓದಿದವರು,
ಅವರ ಸುದ್ದಿಯೇ ಇಲ್ಲ.

ನನ್ನದು ಆರೋಗ್ಯ ಇಲಾಖೆ. ಗುತ್ತಿಗೆ. ಹನ್ನೊಂದು ತಿಂಗಳು.
ಮಂಗನ ಕಾಯಿಲೆಯ ಕರಪತ್ರ.
ಮೇಲಿನಿಂದ ಬಂದ ಒಕ್ಕಣೆ ಹೀಗಿತ್ತು:
‘ಸೋಂಕಿತ ವಾಹಕಗಳ ಸಂಪರ್ಕವನ್ನು ತಪ್ಪಿಸತಕ್ಕದ್ದು.’
ವಾಹಕ ಅಂದ್ರೆ ಬಸ್ಸಾ, ಕೇಳಿದಳು ಗುತ್ಯಮ್ಮ,
ದರಕಿನ ಹೆಡಿಗೆ ಇಳಿಸಿ ಮೊಣಕಾಲು ತಿಕ್ಕಿಕೊಳ್ಳುತ್ತ.
ಎರಡನೇ ಕರಡಿನಲ್ಲಿ ‘ಉಣ್ಣೆ’ ಎಂದೆ.
ಉಣ್ಣೆ ಕಂಬಳಿದಲ್ವನೇ, ಅಂದಳು.
ಮೂರನೆಯದರಲ್ಲಿ ‘ಕಾಡಿಗೆ ಹೋಗಬೇಡಿ’ ಎಂದಿತ್ತು.
ಓದಿಸಿ ಕೇಳಿದವಳು ಏನೂ ಅನ್ನಲಿಲ್ಲ,
ಕೊಟ್ಟಿಗೆಯ ಕಡೆ ಒಮ್ಮೆ, ಒಲೆಯ ಕಡೆ ಒಮ್ಮೆ ನೋಡಿದಳು.
ಆ ಸಾಲು ಹೊಡೆದುಹಾಕಿದೆ.
‘ಸತ್ತ ಮಂಗ ಕಂಡರೆ ಈ ನಂಬರಿಗೆ’ ಎಂದರೆ
ಸಿಗ್ನಲ್ ನಿಮ್ಮಪ್ಪ ತರ್ತಾನಾ?
ನಂಬರಿನ ಜಾಗದಲ್ಲಿ ಆಶಾ ಬಂಗಾರಮ್ಮನ ಹೆಸರು ಕೂತಿತು.

ಏಳನೆಯದು ಹೀಗೆ ಮುಗಿಯಿತು:
‘ದರಕಿಗೆ ಹೋಗುವ ಮುಂಚೆ ಡೆಪಾ ಎಣ್ಣೆ ಹಚ್ಚಿ.
ಬಂದ ಮೇಲೆ ಬಿಸಿನೀರಲ್ಲಿ ಮಿಂದು
ಕಿವಿ ಹಿಂದೆ, ಕಂಕುಳಲ್ಲಿ, ಮಂಡಿಯ ಸಂದಿಯಲ್ಲಿ
ಉಣುಗು ಹುಡುಕಿ.
ಒಬ್ಬರದು ಒಬ್ಬರು ನೋಡಿ.’

ಕೊನೆಯ ಸಾಲು ಅವಳದೇ.
ಸಾಹೇಬರು ಕೆಂಪು ಶಾಯಿಯಲ್ಲಿ ಅದನ್ನು ಸುತ್ತಿ
‘ಅನಗತ್ಯ?’ ಎಂದು ಬರೆದಿದ್ದರು.
ಆ ಪ್ರಶ್ನೆಚಿಹ್ನೆಯ ಸಂದಿಯಲ್ಲೇ
ಸಾಲನ್ನು ಅಚ್ಚಿಗೆ ನುಗ್ಗಿಸಿದೆ.

ಮೊನ್ನೆ ಆನವಟ್ಟಿ ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಕೊಂಡೆ.
ಪೊಟ್ಟಣ ನನ್ನದೇ ಕರಪತ್ರ,
ಎಣ್ಣೆ ಹೀರಿ ಇಲಾಖೆಯ ಮುದ್ರೆ ಮಾಯ.
ನಾಚಿಕೆಯಾಯಿತೋ ಸಿಟ್ಟು ಬಂತೋ, ಮೆಣಸಿನಕಾಯಿ ಕಚ್ಚಿ ಗೊತ್ತಾಗಲಿಲ್ಲ.
ಎದುರು ಬೆಂಚಿನ ಹುಡುಗ ತನ್ನದನ್ನು ತಿಂದು ಮುಗಿಸಿ
ಕಾಗದ ಬಿಡಿಸಿ, ತುಟಿ ಅಲ್ಲಾಡಿಸುತ್ತ ಓದಿದ.
ಆಮೇಲೆ ಪಕ್ಕದ ತಂಗಿಯ ಜಡೆ ಎತ್ತಿ
ಕಿವಿಯ ಹಿಂದೆ ಇಣುಕಿದ.
ಬಿಡೋ, ಕಚಗುಳಿ, ಎಂದು ಅವಳು ಕೊಸರಿಕೊಂಡಳು.

ಶಿರಾಳಕೊಪ್ಪದ ಬಸ್ಸು ಹಾರನ್ ಹಾಕುತ್ತಲೇ ಇತ್ತು.